ಅಪ್ಪನ ಡಿಸ್ಚಾರ್ಜ್ ಚೀಟಿ ಓದಲು ಸಹಾಯ ಬೇಕು: ಎಇಸಿಒಪಿಡಿ, ರಾಂಕೈ, ಟೈಪ್ 2 ಅಂದ್ರೆ ಏನು?

ಪೆರ್ಲದ ಮಗಳು

ಎಲ್ಲರಿಗೂ ನಮಸ್ಕಾರ. ಅಪ್ಪನನ್ನು ಮೊನ್ನೆ ಆಸ್ಪತ್ರೆಯಿಂದ ಮನೆಗೆ ಕರಕೊಂಡು ಬಂದೆವು. ಈಗ ಪರವಾಗಿಲ್ಲ. ಗಂಜಿ ಉಣ್ಣುತ್ತಾರೆ, ಜಗಲಿಯವರೆಗೆ ನಡೆಯುತ್ತಾರೆ. ಆದರೆ ಕೈಗೆ ಕೊಟ್ಟ ಚೀಟಿ ಪೂರಾ ಇಂಗ್ಲಿಷ್. ನಮ್ಮ ಊರು ಕೇರಳದ ಕಾಸರಗೋಡು ಕಡೆ, ಡಾಕ್ಟರು ಮಲಯಾಳದಲ್ಲಿ ಬೇಗ ಬೇಗ ಹೇಳಿದರು. ನನಗೆ ಪೇಟೆಯಲ್ಲಿ ವ್ಯವಹಾರ ಮಾಡುವಷ್ಟು ಮಲಯಾಳ ಬರುತ್ತದೆ, ಕಾಯಿಲೆ ಅರ್ಥ ಮಾಡಿಕೊಳ್ಳುವಷ್ಟು ಬರುವುದಿಲ್ಲ. ಅಪ್ಪನಿಗೆ ಕನ್ನಡ, ತುಳು ಎರಡೇ.

ಚೀಟಿಯಲ್ಲಿ ಇರುವುದು ಹೀಗೆ: ಕೆ/ಸಿ/ಒ ಸಿಒಪಿಡಿ. ಸಿ/ಒ ಎಸ್‌ಒಬಿ. ಎಚ್/ಒ ಕ್ರಾನಿಕ್ ಸ್ಮೋಕಿಂಗ್. ಅಫೆಬ್ರೈಲ್. ಬಿ/ಎಲ್ ರಾಂಕೈ ಪ್ಲಸ್. ಕೊನೆಗೆ ದೊಡ್ಡ ಅಕ್ಷರದಲ್ಲಿ, ಎಇಸಿಒಪಿಡಿ ವಿತ್ ಟೈಪ್ 2 ರೆಸ್ಪಿರೇಟರಿ ಫೇಲ್ಯೂರ್.

ಫೇಲ್ಯೂರ್ ಅಂತ ಓದಿ ಅಮ್ಮ ರಾತ್ರಿ ಮಲಗಲೇ ಇಲ್ಲ. ಇನ್ನೊಂದು ವಿಷಯ. ಅಪ್ಪ ಜೀವನದಲ್ಲಿ ಬೀಡಿ ಮುಟ್ಟಿದವರಲ್ಲ. ಎಲೆಯಡಿಕೆ ತಿನ್ನುತ್ತಾರೆ ಅಷ್ಟೆ. ಮತ್ತೆ ಈ ಸ್ಮೋಕಿಂಗ್ ಎಲ್ಲಿಂದ ಬಂತು?

ಮನೆಯಲ್ಲಿ ಆಕ್ಸಿಜನ್ ಮೆಷಿನ್ ಬಾಡಿಗೆಗೆ ತಂದಿದ್ದೇವೆ. ಬೆರಳಿಗೆ ಹಾಕುವ ಮೀಟರಿನಲ್ಲಿ 90, 91 ತೋರಿಸುತ್ತದೆ. ಪಕ್ಕದ ಮನೆಯವರು 98 ಇರಬೇಕು, ಮೆಷಿನಿನ ಗುಬ್ಬಿ ತಿರುಗಿಸಿ ಆಕ್ಸಿಜನ್ ಜಾಸ್ತಿ ಮಾಡಿ ಅಂತಾರೆ. ಮಾಡಬಹುದಾ?

ಎದೆರೋಗ ಪಿಜಿ

ಕೊನೆಯ ಪ್ರಶ್ನೆಗೆ ಮೊದಲು ಉತ್ತರ. ಗುಬ್ಬಿ ತಿರುಗಿಸಬೇಡಿ ಅಕ್ಕ. ಚೀಟಿಯಲ್ಲಿ ಎಷ್ಟು ಲೀಟರ್ ಅಂತ ಬರೆದಿದ್ದಾರೋ ಅಷ್ಟೇ ಇರಲಿ. ಉಳಿದದ್ದು ಡ್ಯೂಟಿ ಮುಗಿಸಿ ಬಂದು ಬರೆಯುತ್ತೇನೆ.

ಸಿಸ್ಟರ್, ಉಪ್ಪಳ

ಮೊದಲು ಅಮ್ಮನಿಗೆ ಧೈರ್ಯ ಹೇಳಿ. ಈ ಚೀಟಿಯ ಅರ್ಧದಷ್ಟು ಶಬ್ದಗಳು ಬರೇ ಚುಟುಕು ಬರವಣಿಗೆ, ಕಾಯಿಲೆ ಅಲ್ಲ. ವಾರ್ಡಿನಲ್ಲಿ ದಿನಾ ಬರೆಯುವವಳು ನಾನು, ಒಂದೊಂದಾಗಿ ಹೇಳುತ್ತೇನೆ.

ಕೆ/ಸಿ/ಒ ಅಂದರೆ ನೋನ್ ಕೇಸ್ ಆಫ್. ಈ ಕಾಯಿಲೆ ಇವರಿಗೆ ಮೊದಲೇ ಇತ್ತು ಎಂದು ಗೊತ್ತಿದೆ. ಸಿ/ಒ ಅಂದರೆ ಕಂಪ್ಲೇಂಟ್ಸ್ ಆಫ್, ರೋಗಿ ಬಂದಾಗ ಹೇಳಿದ ತೊಂದರೆ. ಎಚ್/ಒ ಅಂದರೆ ಹಿಸ್ಟರಿ ಆಫ್, ಹಿಂದಿನ ಕತೆ. ಎಸ್‌ಒಬಿ ಅಂದರೆ ಶಾರ್ಟ್‌ನೆಸ್ ಆಫ್ ಬ್ರೆತ್, ಉಸಿರು ಸಾಕಾಗದಿರುವುದು. ಕೆಲವರು ಅದನ್ನೇ ಡಿಸ್ಪ್ನಿಯಾ ಅಂತ ಬರೆಯುತ್ತಾರೆ. ಬಿ/ಎಲ್ ಅಂದರೆ ಬೈಲ್ಯಾಟರಲ್, ಎರಡೂ ಬದಿ.

ಅಫೆಬ್ರೈಲ್ ಅಂತ ಓದಿ ಹೆದರಿಕೊಂಡು ಬಂದವರು ನಮ್ಮಲ್ಲಿ ತುಂಬ ಜನ. ಅದು ಹೊಸ ರೋಗ ಅಲ್ಲ. ಜ್ವರ ಇಲ್ಲ ಅಂತ ಅರ್ಥ, ಅಷ್ಟೆ.

ರಾಂಕೈ ಅಂದರೆ ಸ್ಟೆತಸ್ಕೋಪ್ ಎದೆಗೆ ಇಟ್ಟಾಗ ಕೇಳುವ ಗೊರಗೊರ ಅಥವಾ ಸುಂಯ್ ಶಬ್ದ. ಶ್ವಾಸನಾಳದ ಕವಲುಗಳು ಕಿರಿದಾಗಿ ಅಥವಾ ಕಫ ತುಂಬಿ, ಅದರ ಮಧ್ಯೆ ಗಾಳಿ ನುಗ್ಗುವಾಗ ಬರುವುದು. ಕ್ರೆಪ್ಟ್ಸ್ ಅಂತ ಬರೆದಿದ್ದರೆ ಅದು ಬೇರೆ. ಕಿವಿಯ ಹತ್ತಿರ ನಾಲ್ಕು ಕೂದಲನ್ನು ಬೆರಳಲ್ಲಿ ಉಜ್ಜಿದರೆ ಬರುತ್ತದಲ್ಲ, ಹಾಗೆ ಸಣ್ಣ ಸಣ್ಣ ಚಟಪಟ. ನ್ಯುಮೋನಿಯಾದಲ್ಲಿ, ಶ್ವಾಸಕೋಶದಲ್ಲಿ ನೀರು ಸೇರಿದಾಗ ಅದು ಕೇಳುತ್ತದೆ. ಅಪ್ಪನ ಚೀಟಿಯಲ್ಲಿ ಕ್ರೆಪ್ಟ್ಸ್ ಇಲ್ಲ, ರಾಂಕೈ ಮಾತ್ರ ಇದೆ.

ಎಇ ಅಂದರೆ ಅಕ್ಯೂಟ್ ಎಕ್ಸಾಸರ್ಬೇಶನ್. ಇದ್ದ ಕಾಯಿಲೆ ಒಮ್ಮೆಗೇ ಜೋರಾಯಿತು.

ಬದಿಯಡ್ಕದ ಕೃಷಿಕ

ಸಿಸ್ಟರೇ, ಅಕ್ಯೂಟ್ ಜಾಸ್ತಿ ಅಪಾಯವಾ, ಕ್ರಾನಿಕ್ ಜಾಸ್ತಿ ಅಪಾಯವಾ? ನಮ್ಮ ಕಡೆ ಕ್ರಾನಿಕ್ ಅಂದ ಕೂಡಲೇ ಕೇಸು ಮುಗಿಯಿತು ಅಂತ ತಿಳಿದುಕೊಳ್ಳುತ್ತಾರೆ.

ಸಿಸ್ಟರ್, ಉಪ್ಪಳ

ಎರಡೂ ಸಮಯದ ಮಾತು, ಅಪಾಯದ ಅಳತೆ ಅಲ್ಲ. ಅಕ್ಯೂಟ್ ಅಂದರೆ ಒಮ್ಮೆಗೇ ಬಂದದ್ದು. ಕ್ರಾನಿಕ್ ಅಂದರೆ ತುಂಬ ಕಾಲದಿಂದ ಇರುವುದು. ನೆಗಡಿಯೂ ಅಕ್ಯೂಟ್ ಆಗಬಹುದು, ಹೃದಯಾಘಾತವೂ ಅಕ್ಯೂಟ್. ಎಷ್ಟು ಗಂಭೀರ ಅಂತ ಹೇಳಲು ಮೈಲ್ಡ್, ಮಾಡರೇಟ್, ಸಿವಿಯರ್ ಅಂತ ಬೇರೆ ಬರೆಯುತ್ತಾರೆ. ಅದನ್ನು ನೋಡಬೇಕು.

ನೀಲೇಶ್ವರದಲ್ಲಿರುವ ಕನ್ನಡಿಗ

ಸ್ಮೋಕಿಂಗ್ ಎಲ್ಲಿಂದ ಬಂತು ಅಂತ ನಾನು ಊಹಿಸಬಲ್ಲೆ. ಹೆಂಡತಿಯ ಮನೆ ಕಡೆ ಎಲ್ಲ ಮಲಯಾಳ, ಹಾಗಾಗಿ ಎರಡೂ ಬದಿಯ ಮಾತು ಕೇಳಿ ಗೊತ್ತು.

ಮಲಯಾಳದಲ್ಲಿ ಸೇದುವುದಕ್ಕೆ ಪುಕವಲಿ ಅಂತಾರೆ. ಮಾತಿನಲ್ಲಿ ಬರೇ ವಲಿ ಅಂದರೂ ಆಗುತ್ತದೆ. ವಲಿಕ್ಕುಮೋ ಅಂದರೆ ಸೇದುತ್ತೀರಾ ಎಂಬ ಪ್ರಶ್ನೆ. ಇನ್ನು ದಮ್ಮು, ಉಬ್ಬಸಕ್ಕೆ ವಲಿವ್ ಅಂತಾರೆ. ಉಸಿರು ಎಳೆಯುವ ತೊಂದರೆ. ಎರಡೂ ಎಳೆಯುವುದು ಎಂಬ ಒಂದೇ ಬುಡದಿಂದ ಬಂದದ್ದು. ಡಾಕ್ಟರು ವಲಿಯುಂಡೋ ಅಂತ ಕೇಳಿರುತ್ತಾರೆ. ನಿಮ್ಮ ಅಪ್ಪ ವಲಿವ್ ಅಂತ ಕೇಳಿಸಿಕೊಂಡು, ಹೌದು, ತುಂಬ ವರ್ಷದಿಂದ ಉಂಟು ಅಂದಿರುತ್ತಾರೆ. ಅಲ್ಲಿ ಕ್ರಾನಿಕ್ ಸ್ಮೋಕಿಂಗ್ ಆಗಿ ಹೋಯಿತು.

ಇನ್ನೊಂದು ಇಂಥದ್ದೇ ಉಂಟು. ಉಸಿರುಕಟ್ಟುವುದಕ್ಕೆ ಅವರು ಶ್ವಾಸಂಮುಟ್ಟಲ್ ಅಂತಾರೆ. ನಮ್ಮ ವಯಸ್ಸಾದ ಹೆಂಗಸರ ಹತ್ತಿರ ಶ್ವಾಸಂಮುಟ್ಟುಂಡೋ ಅಂತ ಕೇಳಿದರೆ ಅವರಿಗೆ ಕೇಳಿಸುವುದು ಮುಟ್ಟು ಎಂಬ ಒಂದು ಶಬ್ದ. ನಾಚಿಕೊಂಡು ಇಲ್ಲ ಅಂತ ತಲೆ ಆಡಿಸುತ್ತಾರೆ. ಚೀಟಿಯಲ್ಲಿ ನೋ ಡಿಸ್ಪ್ನಿಯಾ ಅಂತ ದಾಖಲಾಗುತ್ತದೆ. ಇದು ನಗುವ ವಿಷಯ ಅಲ್ಲ. ಆ ಅಜ್ಜಿಗೆ ಹೃದಯದ ತೊಂದರೆ ಇದ್ದರೆ ಯಾರಿಗೂ ಗೊತ್ತಾಗದೆ ಹೋಗಬಹುದು.

ಪೆರ್ಲದ ಮಗಳು

ಅಪ್ಪನ ಹತ್ತಿರ ಈಗಷ್ಟೇ ಕೇಳಿದೆ. ವಲಿ ಉಂಟಾ ಅಂತ ಕೇಳಿದ್ದು ಹೌದಂತೆ. ಮಳೆಗಾಲದಲ್ಲಿ ಜಾಸ್ತಿ ಅಂತಲೂ ಹೇಳಿದರಂತೆ! ಈಗ ಇದನ್ನು ಸರಿ ಮಾಡಿಸಲು ಆಗುತ್ತದಾ? ಮುಂದೆ ಬೇರೆ ಡಾಕ್ಟರಿಗೆ ಇದೇ ಚೀಟಿ ತೋರಿಸಬೇಕಲ್ಲ.

ಸಿಸ್ಟರ್, ಉಪ್ಪಳ

ಆಗುತ್ತದೆ. ಆಸ್ಪತ್ರೆಯ ಮೆಡಿಕಲ್ ರೆಕಾರ್ಡ್ಸ್ ವಿಭಾಗಕ್ಕೆ ಒಂದು ಅರ್ಜಿ ಕೊಡಿ. ಯಾವ ಸಾಲು ತಪ್ಪು, ಸರಿ ಏನು ಅಂತ ಎರಡು ಮಾತಲ್ಲಿ ಬರೆಯಿರಿ. ಜೊತೆಗೆ ಪೂರ್ತಿ ಕೇಸ್ ಶೀಟಿನ ನಕಲು ಕೇಳಿ. ರೋಗಿ ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು ಅಂತ ವೈದ್ಯರ ನಡತೆಯ ಬಗ್ಗೆ 2002ರಲ್ಲಿ ಬಂದ ನಿಯಮದಲ್ಲೇ ಇದೆ. ಮುಂದಿನ ಸಲ ಓಪಿಗೆ ಹೋದಾಗ ಡಾಕ್ಟರಿಗೆ ಬಾಯಲ್ಲೂ ಹೇಳಿ. ಅವರೇ ತಿದ್ದಿ ಸಹಿ ಹಾಕುತ್ತಾರೆ. ಜಗಳ ಮಾಡುವ ಅಗತ್ಯ ಬರುವುದಿಲ್ಲ.

ಮತ್ತೆ ಒಂದು ಪ್ರಶ್ನೆ. ಅಪ್ಪ ಸೇದುವುದಿಲ್ಲ, ಸರಿ. ಮನೆಯಲ್ಲಿ ಬಚ್ಚಲ ಒಲೆಗೆ ಬೆಂಕಿ ಹಾಕುವವರು ಯಾರು?

ಪೆರ್ಲದ ಮಗಳು

ಅಪ್ಪನೇ. ಬೆಳಿಗ್ಗೆ ಎದ್ದು ಮಡಲು, ಕೊತ್ತಳಿಂಗೆ, ಅಡಿಕೆ ಸಿಪ್ಪೆ ಎಲ್ಲ ಹಾಕಿ ಬಿಸಿನೀರು ಕಾಯಿಸುವುದು ಅವರ ಕೆಲಸ. ಚಿಕ್ಕಂದಿನಿಂದ ಮಾಡಿಕೊಂಡು ಬಂದದ್ದು. ಮಳೆಗಾಲದಲ್ಲಿ ಸೌದೆ ಒದ್ದೆ ಇದ್ದರೆ ಊದಿ ಊದಿ ಕಣ್ಣೆಲ್ಲ ಕೆಂಪು.

ಸಿಸ್ಟರ್, ಉಪ್ಪಳ

ಅದನ್ನೇ ಡಾಕ್ಟರಿಗೆ ಹೇಳಿ. ಬೀಡಿ ಸೇದದವರಿಗೂ ಸಿಒಪಿಡಿ ಬರುತ್ತದೆ. ಸೌದೆ ಹೊಗೆ ಅದಕ್ಕೆ ಒಂದು ದೊಡ್ಡ ಕಾರಣ. ಒಲೆಯ ಮುಂದೆ ಆಯುಷ್ಯ ಕಳೆದ ಹೆಂಗಸರಲ್ಲಿ ನಾವು ಅದನ್ನು ತುಂಬ ನೋಡುತ್ತೇವೆ. ಇಂಗ್ಲಿಷ್ ಚೀಟಿಯಲ್ಲಿ ಅದಕ್ಕೆ ಬಯೋಮಾಸ್ ಎಕ್ಸ್‌ಪೋಶರ್ ಅಂತ ಬರೆಯಬೇಕು. ಸ್ಮೋಕಿಂಗ್ ಅಂತ ತಪ್ಪಾಗಿ ಬರೆದರೆ ನಷ್ಟ ಎಲ್ಲಿ ಗೊತ್ತುಂಟಾ? ಬೀಡಿ ಬಿಡಿ ಅಂತ ಸಲಹೆ ಕೊಟ್ಟು ಕಳಿಸುತ್ತಾರೆ. ಒಲೆ ಬಿಡಿ ಅಂತ ಯಾರೂ ಹೇಳುವುದಿಲ್ಲ.

ಎದೆರೋಗ ಪಿಜಿ

ಈಗ ಕೂತೆ. ಮಂಜೇಶ್ವರದವನು, ಓದುತ್ತಿರುವುದು ಮಂಗಳೂರಿನಲ್ಲಿ. ನಿಮ್ಮ ಡಾಕ್ಟರ ಮಾತೇ ಕೊನೆ, ನಾನು ಶಬ್ದಗಳ ಅರ್ಥ ಮಾತ್ರ ಹೇಳುತ್ತೇನೆ.

ಸಿಒಪಿಡಿ ಅಂದರೆ ಕ್ರಾನಿಕ್ ಅಬ್‌ಸ್ಟ್ರಕ್ಟಿವ್ ಪಲ್ಮನರಿ ಡಿಸೀಸ್. ಗಾಳಿ ಒಳಗೆ ಹೋಗುತ್ತದೆ, ಹೊರಗೆ ಬರಲು ಕಷ್ಟ. ಅದಕ್ಕೇ ಎಕ್ಸ್-ರೇಯಲ್ಲಿ ಹೈಪರ್ ಇನ್‌ಫ್ಲೇಟೆಡ್ ಅಂತ ಬರೆದಿರುತ್ತಾರೆ. ಶ್ವಾಸಕೋಶ ಉಬ್ಬಿ ನಿಂತಿದೆ, ಕೆಳಗಿನ ವಪೆ, ಅಂದರೆ ಎದೆ ಹೊಟ್ಟೆಯ ನಡುವಿನ ಸ್ನಾಯುವಿನ ಪರದೆ, ಚಪ್ಪಟೆ ಆಗಿದೆ ಅಂತ. ಇದರಲ್ಲೇ ಎರಡು ಹಳೆಯ ಹೆಸರು ಸೇರಿಕೊಂಡಿದೆ. ಕ್ರಾನಿಕ್ ಬ್ರಾಂಕೈಟಿಸ್, ಅಂದರೆ ಸತತ 2 ವರ್ಷ, ವರ್ಷಕ್ಕೆ 3 ತಿಂಗಳಾದರೂ ಕಫದ ಕೆಮ್ಮು. ಎಂಫಿಸೀಮಾ, ಅಂದರೆ ವಾಯುಕೋಶಗಳ ನಡುವಿನ ಗೋಡೆ ಸವೆದು ಹೋಗುವುದು. ಇದನ್ನು ಖಚಿತ ಮಾಡುವುದು ಸ್ಪೈರೋಮೆಟ್ರಿಯಲ್ಲಿ. ಪೂರಾ ಉಸಿರು ಎಳೆದು ಜೋರಾಗಿ ಊದಿಸುತ್ತಾರೆ. ಮೊದಲ 1 ಸೆಕೆಂಡಿನಲ್ಲಿ ಹೊರಬಂದ ಗಾಳಿ ಎಫ್‌ಇವಿ1. ಒಟ್ಟು ಹೊರಬಂದದ್ದು ಎಫ್‌ವಿಸಿ. ನಾಳ ಅಗಲಿಸುವ ಔಷಧ ಕೊಟ್ಟ ಮೇಲೂ ಈ ಎರಡರ ಅನುಪಾತ 0.70ಕ್ಕಿಂತ ಕಡಿಮೆ ಇದ್ದರೆ ಅಡಚಣೆ ಇದೆ ಅಂತ ಲೆಕ್ಕ. ಅಪ್ಪನಿಗೆ ಈ ಪರೀಕ್ಷೆ ಆಗಿದೆಯಾ ಅಂತ ನೋಡಿ. ಇಲ್ಲದಿದ್ದರೆ ಸ್ವಲ್ಪ ಸುಧಾರಿಸಿದ ಮೇಲೆ ಮಾಡಿಸಬೇಕಾ ಅಂತ ಕೇಳಿ.

ಈಗ ಫೇಲ್ಯೂರ್. ಅಮ್ಮನಿಗೆ ಹೇಳಿ, ಶ್ವಾಸಕೋಶ ನಿಂತುಹೋಯಿತು ಅಂತ ಅರ್ಥ ಅಲ್ಲ. ಕಾಯಿಲೆ ಗಂಭೀರವಾಗಿತ್ತು ನಿಜ. ಆದರೆ ಆ ಶಬ್ದ ಹೇಳುವುದು ರಕ್ತದ ಅಳತೆಯನ್ನು. ಮಣಿಕಟ್ಟಿನ ಹತ್ತಿರ ಸೂಜಿ ಚುಚ್ಚಿ ರಕ್ತ ತೆಗೆದರಲ್ಲ, ಜಾಸ್ತಿ ನೋವಾಗುವಂಥದ್ದು, ಅದು ಎಬಿಜಿ, ರಕ್ತದಲ್ಲಿರುವ ಅನಿಲಗಳ ಪರೀಕ್ಷೆ. ಆಮ್ಲಜನಕ ಮಾತ್ರ ಕಡಿಮೆ ಇದ್ದರೆ ಟೈಪ್ 1. ಜೊತೆಗೆ ಕಾರ್ಬನ್ ಡೈಆಕ್ಸೈಡ್ ಕೂಡ ಹೊರಗೆ ಹೋಗದೆ ರಕ್ತದಲ್ಲಿ ಉಳಿದಿದ್ದರೆ ಟೈಪ್ 2. ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡಿನ ಸಾಮಾನ್ಯ ಮಟ್ಟ 35ರಿಂದ 45 ಎಂಎಂಎಚ್‌ಜಿ.

ಗುಬ್ಬಿ ತಿರುಗಿಸಬೇಡಿ ಅಂದದ್ದು ಈ ಟೈಪ್ 2 ನೋಡಿಯೇ. ಇಂಥವರಿಗೆ ಆಮ್ಲಜನಕ ಅಗತ್ಯಕ್ಕಿಂತ ಜಾಸ್ತಿ ಕೊಟ್ಟರೆ ಕಾರ್ಬನ್ ಡೈಆಕ್ಸೈಡ್ ಇನ್ನೂ ಏರಬಹುದು. ಹಾಗಾಗಿ ಸ್ಯಾಚುರೇಶನ್ 88ರಿಂದ 92ರ ಒಳಗೆ ಇದ್ದರೆ ಸಾಕು ಅಂತ ಗುರಿ ಇಡುತ್ತೇವೆ. ಅಪ್ಪನ 90, 91 ಆ ಲೆಕ್ಕದಲ್ಲಿ ಸರಿಯಾಗಿಯೇ ಇದೆ. ಪಕ್ಕದ ಮನೆಯವರು ಹೇಳುವ 98 ಆರೋಗ್ಯವಂತರ ಲೆಕ್ಕ. ಚೀಟಿಯಲ್ಲಿ ಟಾರ್ಗೆಟ್ ಅಂತ ಎಲ್ಲಾದರೂ ಬರೆದಿದೆಯಾ ನೋಡಿ, ಇಲ್ಲದಿದ್ದರೆ ಫೋನ್ ಮಾಡಿ ಕೇಳಿ. ಅಪ್ಪ ಹಗಲಲ್ಲೂ ತೂಕಡಿಸುತ್ತಾ ಇದ್ದರೆ, ಮಾತು ತೊದಲಿದರೆ, ಬೆಳಿಗ್ಗೆ ಎದ್ದ ಕೂಡಲೇ ತಲೆನೋವು ಅಂದರೆ ಕಾಯಬೇಡಿ. ಕಾರ್ಬನ್ ಡೈಆಕ್ಸೈಡ್ ಏರಿದ ಲಕ್ಷಣ ಅದು. ಬೆರಳಿನ ಮೀಟರ್ ಅದನ್ನು ತೋರಿಸುವುದೇ ಇಲ್ಲ, ಅದಕ್ಕೆ ಆಮ್ಲಜನಕ ಮಾತ್ರ ಗೊತ್ತು.

ಆ ಮೀಟರಿನ ಮೂಲ ವಿಧಾನ ಕಂಡುಹಿಡಿದವರು ಜಪಾನಿನ ತಕುವೊ ಅಓಯಗಿ, 1970ರ ದಶಕದಲ್ಲಿ. ಅವರು ತೀರಿಕೊಂಡದ್ದು 2020ರ ಏಪ್ರಿಲ್‌ನಲ್ಲಿ. ಪ್ರಪಂಚದ ಮನೆಮನೆಯಲ್ಲಿ ಜನ ಬೆರಳಿಗೆ ಆ ಮೀಟರ್ ಸಿಕ್ಕಿಸಿಕೊಳ್ಳಲು ಶುರು ಮಾಡಿದ ಸಮಯ. ನಮ್ಮ ಊರಿಗೂ ಅದು ಬಂದದ್ದು ಆಗಲೇ ಅಲ್ವಾ.

ಪೆರ್ಲದ ಮಗಳು

ಟಾರ್ಗೆಟ್ 88–92 ಅಂತ ಎರಡನೇ ಪುಟದ ಕೆಳಗೆ ಇದೆ! ಮುಂಚೆ ಅದು ಏನೋ ಬಿಲ್ಲಿನ ಲೆಕ್ಕ ಅಂತ ಬಿಟ್ಟಿದ್ದೆವು. ಅಮ್ಮನಿಗೆ ಓದಿ ಹೇಳಿದೆ. ತುಂಬ ಉಪಕಾರ ಆಯಿತು.

ಜೀವಶಾಸ್ತ್ರ ಟೀಚರ್, ಕುಂಬಳೆ

ಓದಿ ಸಂಕಟ ಆಯಿತು. ನಮ್ಮ ಮಕ್ಕಳು ಕನ್ನಡ ಮಾಧ್ಯಮದಲ್ಲಿ ಹತ್ತನೇ ಕ್ಲಾಸಿನವರೆಗೆ ಶ್ವಾಸನಾಳ, ಧ್ವನಿಪೆಟ್ಟಿಗೆ, ವಪೆ, ವಾಯುಕೋಶ ಅಂತ ಚಿತ್ರ ಬರೆದು ಗುರುತಿಸುತ್ತಾರೆ. ಬಲ ಶ್ವಾಸಕೋಶಕ್ಕೆ 3 ಹಾಲೆ, ಎಡಕ್ಕೆ 2 ಅಂತ ಬಾಯಿಪಾಠ. ಪ್ಲಸ್ ಟುಗೆ ಹೋದ ಕೂಡಲೇ ಎಲ್ಲ ಇಂಗ್ಲಿಷ್. ಆಸ್ಪತ್ರೆಗೆ ಹೋದರೆ ಮಾತು ಮಲಯಾಳ. ಕಲಿತ ಆ ಕನ್ನಡ ಶಬ್ದ ಎಲ್ಲಿಯೂ ಕೆಲಸಕ್ಕೆ ಬರುವುದಿಲ್ಲ. ಮಂಜೇಶ್ವರ, ಕಾಸರಗೋಡು ತಾಲೂಕಿನ ಆಸ್ಪತ್ರೆಗಳಲ್ಲಿ ಕನ್ನಡದಲ್ಲೂ ಒಂದು ಪುಟ ಬರೆದು ಕೊಡಬೇಕು ಅಂತ ನಾವು ಯಾಕೆ ಕೇಳಬಾರದು?

ಸದ್ಯಕ್ಕೆ ನಾನು ಮಕ್ಕಳಿಗೆ ಕಲಿಸುವ ಒಂದು ಉಪಾಯ ಹೇಳುತ್ತೇನೆ. ಉದ್ದ ಶಬ್ದವನ್ನು ಹೆದರದೆ ತುಂಡು ಮಾಡಿ. ಪ್ನಿಯಾ ಅಂತ ಕೊನೆಯಾದರೆ ಉಸಿರಿನ ವಿಷಯ. ಏಪ್ನಿಯಾ, ಉಸಿರು ನಿಲ್ಲುವುದು. ಟ್ಯಾಕಿಪ್ನಿಯಾ, ಬೇಗ ಬೇಗ ಉಸಿರಾಡುವುದು. ಆರ್ಥಾಪ್ನಿಯಾ, ಮಲಗಿದರೆ ಉಸಿರು ಕಟ್ಟಿ ಎದ್ದು ಕೂರಬೇಕಾಗುವುದು. ಐಟಿಸ್ ಅಂತ ಇದ್ದರೆ ಉರಿಯೂತ, ಬ್ರಾಂಕೈಟಿಸ್, ಲ್ಯಾರಿಂಜೈಟಿಸ್. ಎಕ್ಟಾಸಿಸ್ ಅಂದರೆ ಹಿಗ್ಗುವುದು. ಬ್ರಾಂಕಿಯೆಕ್ಟಾಸಿಸ್ ಅಂದರೆ ಕವಲುನಾಳ ಹಿಗ್ಗಿ ಹಾಗೇ ಉಳಿದುಬಿಡುವುದು. ಅಟೆಲೆಕ್ಟಾಸಿಸ್ ಅದರ ವಿರುದ್ಧ, ಶ್ವಾಸಕೋಶದ ಒಂದು ಭಾಗ ಪೂರ್ತಿ ಹಿಗ್ಗದೆ ಮುದುಡಿಕೊಂಡಿರುವುದು. ಥೊರಾಕ್ಸ್ ಎದೆಗೂಡು. ಅದರ ಮುಂದೆ ನ್ಯುಮೋ ಇದ್ದರೆ ಅಲ್ಲಿ ಗಾಳಿ, ಹೀಮೋ ಇದ್ದರೆ ರಕ್ತ.

ಎದೆರೋಗ ಪಿಜಿ

ಟೀಚರ್, ಕನ್ನಡ ಪುಟ ಬೇಕು ಅನ್ನುವುದಕ್ಕೆ ನನ್ನ ಒಪ್ಪಿಗೆ ಇದೆ. ಆದರೆ ರೋಗದ ಹೆಸರು ಮಾತ್ರ ಇಂಗ್ಲಿಷಿನಲ್ಲೇ ಇರಲಿ. ಕಾಸರಗೋಡಿನವರು ಇವತ್ತು ಉಕ್ಕಿನಡ್ಕದ ಮೆಡಿಕಲ್ ಕಾಲೇಜು, ನಾಳೆ ಮಂಗಳೂರು, ನಾಡಿದ್ದು ಪರಿಯಾರಂ ಅಂತ ತಿರುಗುವವರು. ರಾತ್ರಿ ಎರಡು ಗಂಟೆಗೆ ಕ್ಯಾಶುಯಲ್ಟಿಯಲ್ಲಿ ಇರುವ ಡಾಕ್ಟರಿಗೆ ಬ್ರಾಂಕಿಯೆಕ್ಟಾಸಿಸ್ ಅಂದರೆ ತಕ್ಷಣ ಗೊತ್ತಾಗುತ್ತದೆ. ಕವಲುನಾಳ ಹಿಗ್ಗುವಿಕೆ ಅಂದರೆ ಗೊತ್ತಾಗುವುದಿಲ್ಲ.

ಜೀವಶಾಸ್ತ್ರ ಟೀಚರ್, ಕುಂಬಳೆ

ಹೆಸರು ಇರಲಿ, ಬೇಡ ಅನ್ನಲಿಲ್ಲ. ಆದರೆ ಹೆಸರಿನ ಪಕ್ಕದಲ್ಲಿ ಒಂದು ಸಾಲು ಅರ್ಥ ಬರೆಯಲು ಎಷ್ಟು ಹೊತ್ತು ಬೇಕು? ಫೇಲ್ಯೂರ್ ಎಂಬುದರ ಅರ್ಥ ಕನ್ನಡದಲ್ಲಿ ಇದ್ದಿದ್ದರೆ ಪೆರ್ಲದ ಆ ಅಮ್ಮ ನಿದ್ದೆ ಬಿಡುತ್ತಿರಲಿಲ್ಲ. ಡಾಕ್ಟರು ಓದುವ ಚೀಟಿ, ಮನೆಯವರು ಓದುವ ಚೀಟಿ ಎರಡೂ ಬೇಕು. ಈ ವಿಷಯದಲ್ಲಿ ನಾನು ಹಿಂದೆ ಸರಿಯುವುದಿಲ್ಲ.

ಅಕ್ಕಲಕೋಟೆಯ ಓದುಗ

ನಮ್ಮ ಸೊಲ್ಲಾಪುರ ಜಿಲ್ಲೆಯಲ್ಲೂ ಇದೇ ಕತೆ ಇದೆ, ಮಲಯಾಳದ ಬದಲು ಮರಾಠಿ. ಡಾಕ್ಟರು ದಮ ಲಾಗತೋ ಕಾ ಅಂತ ಕೇಳುತ್ತಾರೆ. ಅಂದರೆ ನಡೆದರೆ ಏದುಸಿರು ಬರುತ್ತದಾ ಅಂತ. ಕನ್ನಡ ಮನೆಯವರಿಗೆ ದಮ್ಮು ಅಂದರೆ ಅಸ್ತಮಾ. ಇಲ್ರಿ, ನಮ್ಮ ಮನೆತನದಾಗ ದಮ್ಮು ಯಾರಿಗೂ ಇಲ್ಲ ಅಂತ ಹೇಳಿಬಿಡುತ್ತಾರೆ. ಮೆಟ್ಟಿಲು ಹತ್ತಿದರೆ ಏದುಸಿರು ಬರುವುದನ್ನು ಹೇಳುವುದೇ ಇಲ್ಲ. ನಮ್ಮ ಸೋದರಮಾವ ಹೀಗೆ ಹೇಳದೇ ಬಿಟ್ಟು, ಆಮೇಲೆ ನೋಡಿದರೆ ಹೃದಯದ ಕವಾಟದ ತೊಂದರೆ ಇತ್ತು.

ಸಿಸ್ಟರ್, ಉಪ್ಪಳ

ಅಕ್ಕಲಕೋಟೆಯವರು ಹೇಳಿದ್ದು ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುತ್ತದೆ. ಚೀಟಿಯ ಇಂಗ್ಲಿಷನ್ನು ಆಮೇಲೆ ಯಾರ ಹತ್ತಿರವಾದರೂ ಓದಿಸಬಹುದು. ರೋಗಿ ಬಾಯಿಂದ ಹೇಳುವ ಮಾತು ತಪ್ಪಿದರೆ ಚೀಟಿಯೇ ತಪ್ಪಾಗುತ್ತದೆ.

ನಮ್ಮ ಭಾಷೆಯಲ್ಲಿ ಉಸಿರಿನ ತೊಂದರೆಗೆ ಎಷ್ಟೊಂದು ಮಾತುಂಟು ನೋಡಿ. ಏದುಸಿರು ಬೇರೆ, ಉಬ್ಬಸ ಬೇರೆ. ಉಸಿರು ಕಟ್ಟುವುದು ಬೇರೆ, ಎದೆ ಬಿಗಿಯುವುದು ಬೇರೆ. ಗಂಟಲಲ್ಲಿ ಗೊರಗೊರ ಅನ್ನುವುದು ಇನ್ನೊಂದು. ಆಸ್ಪತ್ರೆ ಮೆಟ್ಟಿಲು ಹತ್ತಿದ ಕೂಡಲೇ ಎಲ್ಲರೂ ಇದನ್ನೆಲ್ಲ ಬಿಟ್ಟು ಗ್ಯಾಸ್ ಅಂತಾರೆ, ಇಲ್ಲ ಸುಮ್ನೆ ದಮ್ಮು ಅಂತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕಾಯಿಲೆಯ ಹೆಸರು ನೀವು ಹೇಳಬೇಕಾಗಿಲ್ಲ. ಏನು ಮಾಡುವಾಗ ಉಸಿರು ಸಾಲುವುದಿಲ್ಲ ಅಂತ ಹೇಳಿ. ಬಾವಿಯಿಂದ ನೀರು ಸೇದುವಾಗಲಾ, ಗುಡ್ಡೆ ಹತ್ತುವಾಗಲಾ, ಸಮತಟ್ಟಿನಲ್ಲಿ ನಡೆಯುವಾಗಲೇನಾ? ಡಾಕ್ಟರು ಎಂಎಂಆರ್‌ಸಿ ಗ್ರೇಡ್ ಅಂತ ಬರೆಯುವುದು ಇದನ್ನೇ. ಬೇಗ ನಡೆದಾಗ ಅಥವಾ ಏರು ಹತ್ತಿದಾಗ ಮಾತ್ರ ಆದರೆ 1. ಓರಗೆಯವರ ಜೊತೆ ಸಮಕ್ಕೆ ನಡೆಯಲು ಆಗದಿದ್ದರೆ 2. ನೂರು ಮೀಟರ್ ನಡೆದು ನಿಲ್ಲಬೇಕಾದರೆ 3. ಬಟ್ಟೆ ಬದಲಿಸುವಾಗಲೂ ಉಸಿರು ಸಾಲದಿದ್ದರೆ 4. ರಾತ್ರಿ ಎಷ್ಟು ತಲೆದಿಂಬು ಬೇಕು ಅಂತಲೂ ಹೇಳಿ. ಒಂದು ಸಾಕಾಗುತ್ತಿದ್ದವರಿಗೆ ಈಗ ಮೂರು ಬೇಕಾದರೆ ಡಾಕ್ಟರ ಯೋಚನೆ ಹೃದಯದ ಕಡೆ ಹೋಗುತ್ತದೆ.

ಕಫದ ಬಣ್ಣ ಹೇಳಲು ಹೇಸಬೇಡಿ. ರಕ್ತ ಬಂದರೆ ಕೆಮ್ಮಿನಲ್ಲಿ ಬಂದದ್ದೋ ವಾಂತಿಯಲ್ಲಿ ಬಂದದ್ದೋ ಅಂತ ಸರಿಯಾಗಿ ಹೇಳಿ. ಕೆಮ್ಮಿನಲ್ಲಾದರೆ ಹೀಮಾಪ್ಟಿಸಿಸ್, ವಾಂತಿಯಲ್ಲಾದರೆ ಹೆಮಟೆಮಿಸಿಸ್. ಎರಡಕ್ಕೂ ನೋಡುವ ವಿಭಾಗವೇ ಬೇರೆ.

ಬದಿಯಡ್ಕದ ಕೃಷಿಕ

ನನ್ನ ಭಾವನಿಗೆ ಲಂಗ್ಸಲ್ಲಿ ನೀರು ತುಂಬಿದೆ ಅಂದರು. ಕೊಳವೆ ಹಾಕಿ ತೆಗೆದರು. ನಮ್ಮ ಊರಿನ ಇನ್ನೊಬ್ಬರಿಗೂ ಲಂಗ್ಸಲ್ಲಿ ನೀರು. ಅವರಿಗೆ ಬರೇ ಮೂತ್ರ ಹೋಗುವ ಮಾತ್ರೆ. ಒಂದೇ ಕಾಯಿಲೆಗೆ ಯಾಕೆ ಹೀಗೆ?

ಎದೆರೋಗ ಪಿಜಿ

ಒಂದೇ ಕಾಯಿಲೆ ಅಲ್ಲ ಅಣ್ಣ. ಶ್ವಾಸಕೋಶದ ಹೊರಗೆ ಎರಡು ಪದರದ ತೆಳು ಹೊದಿಕೆ ಇದೆ, ಪ್ಲೂರಾ. ಆ ಪದರಗಳ ನಡುವೆ ನೀರು ಸೇರಿದರೆ ಪ್ಲೂರಲ್ ಎಫ್ಯೂಶನ್. ಅದನ್ನು ಸೂಜಿಯಲ್ಲೋ ಕೊಳವೆಯಲ್ಲೋ ತೆಗೆಯಬಹುದು. ಕೀವಾಗಿದ್ದರೆ ಎಂಪಯೀಮಾ ಅಂತಾರೆ. ಚೀಟಿಯಲ್ಲಿ ಐಸಿಡಿ ಅಂತ ಇದ್ದರೆ ಪಕ್ಕೆಲುಬಿನ ನಡುವೆ ಹಾಕಿದ ಆ ಕೊಳವೆ. ಇನ್ನೊಬ್ಬರಿಗೆ ಆದದ್ದು ಪಲ್ಮನರಿ ಇಡೀಮಾ ಇರಬೇಕು. ಅಲ್ಲಿ ನೀರು ವಾಯುಕೋಶಗಳ ಒಳಗೇ ಜಿನುಗುತ್ತದೆ. ಸಾಮಾನ್ಯವಾಗಿ ಹೃದಯ ಸೋತಾಗ ಆಗುವುದು. ಅದನ್ನು ಕೊಳವೆಯಿಂದ ತೆಗೆಯಲು ಬರುವುದಿಲ್ಲ. ನಾವೇ ಎರಡಕ್ಕೂ ಲಂಗ್ಸಲ್ಲಿ ನೀರು ಅಂತ ಹೇಳಿ ಕಳಿಸುತ್ತೇವೆ. ಆ ಅಭ್ಯಾಸ ಬಿಡಬೇಕು.

ಬದಿಯಡ್ಕದ ಕೃಷಿಕ

ಹಾಗಾದರೆ ಅರ್ಥ ಆಯಿತು. ಇನ್ನೊಂದು ಕೇಳಲಾ? ಅಡಿಕೆಯ ಕೊಳೆರೋಗಕ್ಕೆ ಮದ್ದು ಬಿಡುವವರಿಗೆ, ಮೈಲುತುತ್ತು ಸುಣ್ಣ, ಏನಾದರೂ ಆಗುತ್ತದಾ?

ಎದೆರೋಗ ಪಿಜಿ

ಬೋರ್ಡೋ ದ್ರಾವಣ ತಾನೇ. ಪೋರ್ಚುಗಲ್ಲಿನ ದ್ರಾಕ್ಷಿತೋಟಗಳಲ್ಲಿ ಅದನ್ನು ವರ್ಷಗಟ್ಟಲೆ ಸಿಂಪಡಿಸಿದವರ ಶ್ವಾಸಕೋಶದಲ್ಲಿ ತಾಮ್ರ ಸೇರಿ ಗಾಯದ ಗಂಟುಗಳಾದದ್ದನ್ನು 1969ರಲ್ಲಿ ವೈದ್ಯರು ವರದಿ ಮಾಡಿದ್ದಾರೆ. ವಿನ್‌ಯಾರ್ಡ್ ಸ್ಪ್ರೇಯರ್ಸ್ ಲಂಗ್ ಅಂತ ಅದಕ್ಕೆ ಹೆಸರು. ಮರದ ತುದಿಗೆ ಮದ್ದು ಬಿಡುವಾಗ ಮಂಜು ಮುಖಕ್ಕೇ ಇಳಿಯುತ್ತದೆ. ಮೂಗಿಗೆ ಬೈರಾಸು ಕಟ್ಟಿದರೆ ಸಾಲದು. ಮುಖಕ್ಕೆ ಸರಿಯಾಗಿ ಕೂರುವ ಎನ್95 ಅಥವಾ ಅದಕ್ಕಿಂತ ಒಳ್ಳೆಯ ಮಾಸ್ಕ್ ಹಾಕಿಸಿ. ಮದ್ದು ಬಿಡುವವರಿಗೆ ಕೆಮ್ಮು ಶುರುವಾದರೆ ಡಾಕ್ಟರಿಗೆ ಈ ಕೆಲಸದ ವಿಷಯ ತಪ್ಪದೆ ಹೇಳಬೇಕು. ಕ್ರಷರಿನಲ್ಲಿ ದುಡಿಯುವವರು, ಬೀಡಿ ಕಟ್ಟುವವರು ಕೂಡ ಕೆಲಸ ಏನು ಅಂತ ಹೇಳಲೇಬೇಕು. ಕೇಳದಿದ್ದರೂ ಹೇಳಿ.

ಮುಳ್ಳೇರಿಯದಿಂದ

ನನ್ನ ಚಿಕ್ಕಪ್ಪನ ಚೀಟಿಯಲ್ಲಿ ಓಲ್ಡ್ ಕಾಕ್ಸ್ ಅಂತ ಇದೆ. ಯಾರನ್ನು ಕೇಳಿದರೂ ಸರಿಯಾಗಿ ಹೇಳುವುದಿಲ್ಲ.

ಸಿಸ್ಟರ್, ಉಪ್ಪಳ

ಅದು ಟಿಬಿ, ಕ್ಷಯ. ಓಲ್ಡ್ ಅಂದರೆ ಹಿಂದೆ ಬಂದು ಹೋದದ್ದು. ಟಿಬಿಯ ರೋಗಾಣುವನ್ನು ಕಂಡುಹಿಡಿದದ್ದಾಗಿ 1882ರ ಮಾರ್ಚ್ 24ರಂದು ಬರ್ಲಿನ್ನಿನಲ್ಲಿ ತಿಳಿಸಿದ ರಾಬರ್ಟ್ ಕಾಕ್ ಅವರ ಹೆಸರು ಅದು. ರೋಗಿಯ ಎದುರು ಟಿಬಿ ಅನ್ನದೆ ಮಾತಾಡಲು ಡಾಕ್ಟರುಗಳು ಇದನ್ನು ಬಳಸುತ್ತಾ ಬಂದರು. ಒಳ್ಳೆಯ ಮನಸ್ಸಿನಿಂದಲೇ ಇರಬಹುದು. ಆದರೆ ಮುಚ್ಚಿಟ್ಟರೆ ನಷ್ಟ ಜಾಸ್ತಿ. ಈಗ ಟಿಬಿಗೆ ಔಷಧ ಪೂರಾ ಉಚಿತ, ಸಾಮಾನ್ಯ ಟಿಬಿಗೆ 6 ತಿಂಗಳು. ಆಹಾರಕ್ಕೆಂದು ಸರಕಾರ ತಿಂಗಳಿಗೆ 1000 ರೂಪಾಯಿ ಕೊಡುತ್ತದೆ. ರೋಗದ ಹೆಸರೇ ಗೊತ್ತಿಲ್ಲದಿದ್ದರೆ ಇದನ್ನೆಲ್ಲ ಕೇಳುವುದು ಹೇಗೆ?

ಎದೆರೋಗ ಪಿಜಿ

ಇದಕ್ಕೆ ಒಂದು ಹಳೆಯ ಉದಾಹರಣೆ ಉಂಟು. ಸ್ಟೆತಸ್ಕೋಪ್ ಮಾಡಿದ ಫ್ರಾನ್ಸಿನ ಲೆನೆಕ್, 1816ರಲ್ಲಿ, ಎದೆಯ ಶಬ್ದಗಳಿಗೆ ರಾಲ್ ಎಂಬ ಶಬ್ದ ಬಳಸುತ್ತಿದ್ದರು. ಅವರ ಭಾಷೆಯಲ್ಲಿ ಅದನ್ನು ಕೇಳಿದರೆ ಸಾಯುವವರ ಗಂಟಲಿನ ಗೊರಗೊರ ನೆನಪಾಗುತ್ತಿತ್ತು. ರೋಗಿ ಹೆದರಬಾರದು ಅಂತ ಹಾಸಿಗೆ ಪಕ್ಕದಲ್ಲಿ ಲ್ಯಾಟಿನ್‌ನ ರಾಂಕಸ್ ಅನ್ನುತ್ತಿದ್ದರು. ಈಗ ನಾವು ಬರೆಯುವ ರಾಂಕೈ ಅದೇ. ಲೆನೆಕ್ ಕೂಡ ತೀರಿಕೊಂಡದ್ದು ಟಿಬಿಯಿಂದ, 1826ರಲ್ಲಿ. ಆಗ ಔಷಧ ಇರಲಿಲ್ಲ. ಹೇಳಿ ಪ್ರಯೋಜನವೂ ಇರಲಿಲ್ಲ. ಈಗ ಹೇಳಿದರೆ ಗುಣವಾಗುವ ಕಾಲ.

ಫಾರ್ಮಸಿ, ಸೀತಾಂಗೋಳಿ

ಪೆರ್ಲದ ಅಕ್ಕ, ಔಷಧದ ಪಟ್ಟಿಯನ್ನೂ ಓದಿಸಿಕೊಳ್ಳಿ. ಡುಯೋಲಿನ್, ಬುಡೆಕಾರ್ಟ್ ಅಂತ ಎರಡು ನೆಬ್ಯುಲೈಸರ್ ದ್ರವ ಸಾಮಾನ್ಯವಾಗಿ ಇರುತ್ತದೆ. ಮೊದಲನೆಯದು ನಾಳ ಅಗಲ ಮಾಡುವುದು. ಎರಡನೆಯದು ಊತ ಇಳಿಸುವ ಸ್ಟಿರಾಯ್ಡ್. ಅದನ್ನು ತೆಗೆದುಕೊಂಡ ಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು, ಇಲ್ಲದಿದ್ದರೆ ನಾಲಿಗೆಯಲ್ಲಿ ಬಿಳಿ ಬೂಷ್ಟು ಬರುತ್ತದೆ. ಬಿಡಿ ಅಂದರೆ ದಿನಕ್ಕೆ ಎರಡು ಸಲ, ಟಿಡಿಎಸ್ ಅಂದರೆ ಮೂರು ಸಲ. ಎಸ್‌ಒಎಸ್ ಅಂದರೆ ತೊಂದರೆ ಆದಾಗ ಮಾತ್ರ. ಬಿಡಿ ಅಂತ ಓದಿ ಔಷಧ ಬಿಟ್ಟವರು ನಮ್ಮ ಅಂಗಡಿಗೆ ಬಂದದ್ದುಂಟು. ಹಾಗಾಗಿ ನಾನು ಪೊಟ್ಟಣದ ಮೇಲೆ ಕನ್ನಡದಲ್ಲೇ ಬೆಳಿಗ್ಗೆ 1, ರಾತ್ರಿ 1 ಅಂತ ಬರೆದು ಕೊಡುತ್ತೇನೆ.

ಎರಡು ಮಕ್ಕಳ ತಾಯಿ, ವರ್ಕಾಡಿ

ಮಧ್ಯೆ ಬಂದು ಕೇಳುತ್ತಿದ್ದೇನೆ, ಕ್ಷಮಿಸಿ. ಮಗುವಿಗೆ ಒಂದೂವರೆ ವರ್ಷ, ಶೀತ ಕೆಮ್ಮು. ಚೀಟಿಯಲ್ಲಿ ಯುಆರ್‌ಟಿಐ, ಆರ್‌ಆರ್ 34, ನೋ ರಿಟ್ರಾಕ್ಷನ್ಸ್ ಅಂತ ಇದೆ. ಗಾಬರಿ ಪಡಬೇಕಾ?

ಎದೆರೋಗ ಪಿಜಿ

ಚೀಟಿಯಲ್ಲಿ ಬರೆದದ್ದು ಒಳ್ಳೆಯ ಸುದ್ದಿಯೇ. ಯುಆರ್‌ಟಿಐ ಅಂದರೆ ಮೂಗು, ಗಂಟಲಿನ ಮಟ್ಟದ ಸೋಂಕು. ಆರ್‌ಆರ್ ಅಂದರೆ ನಿಮಿಷಕ್ಕೆ ಎಷ್ಟು ಉಸಿರು. ರಿಟ್ರಾಕ್ಷನ್ ಅಂದರೆ ಉಸಿರು ಎಳೆಯುವಾಗ ಪಕ್ಕೆ ಗುಳಿ ಬೀಳುವುದು. ಅದು ಇಲ್ಲ ಅಂತ ಬರೆದಿದ್ದಾರೆ.

ಮನೆಯಲ್ಲಿ ನೀವೇ ಎಣಿಸಬಹುದು. ಮಗು ಮಲಗಿರುವಾಗ ಅಥವಾ ಸಮಾಧಾನದಲ್ಲಿರುವಾಗ ಅಂಗಿ ಎತ್ತಿ, ಹೊಟ್ಟೆ ಏರುವುದನ್ನು ಪೂರ್ತಿ 1 ನಿಮಿಷ ಲೆಕ್ಕ ಮಾಡಿ. ಅಳುವಾಗ ಎಣಿಸಿದರೆ ಲೆಕ್ಕ ತಪ್ಪುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಳತೆ ಹೀಗಿದೆ: 2 ತಿಂಗಳೊಳಗಿನ ಕೂಸಿಗೆ 60 ಅಥವಾ ಜಾಸ್ತಿ, 2ರಿಂದ 11 ತಿಂಗಳಿಗೆ 50 ಅಥವಾ ಜಾಸ್ತಿ, 1ರಿಂದ 5 ವರ್ಷಕ್ಕೆ 40 ಅಥವಾ ಜಾಸ್ತಿ ಇದ್ದರೆ ಉಸಿರು ವೇಗವಾಗಿದೆ ಎಂದು ಲೆಕ್ಕ. ನಿಮ್ಮ ಮಗುವಿಗೆ 40 ಮುಟ್ಟಿದರೆ, ಪಕ್ಕೆ ಒಳಗೆ ಎಳೆದರೆ, ಹಾಲು ಕುಡಿಯಲು ಆಗದಿದ್ದರೆ, ತುಟಿ ನೀಲಿಯಾದರೆ ಬೆಳಗಾಗಲಿ ಅಂತ ಕಾಯಬೇಡಿ.

ಎರಡು ಮಕ್ಕಳ ತಾಯಿ, ವರ್ಕಾಡಿ

ಈಗ ಎಣಿಸಿದೆ, 32 ಬಂತು. ಮಲಗಿದೆ. ರಾತ್ರಿ ಇನ್ನೊಮ್ಮೆ ನೋಡುತ್ತೇನೆ.